ಟೀ ಅಂಗಡಿಯಲ್ಲಿ ಬ್ರೇಕ್ ಮಾಮ

ಇಪ್ಪತ್ತಾರು ವರ್ಷದಿಂದ ಕಾರು ಕಲಿಸುತ್ತಿದ್ದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಲೈಸೆನ್ಸ್ ಕಚೇರಿಯ ಗುಮಾಸ್ತರಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಉಳಿದವರಿಗೆಲ್ಲ ಅವನು ಬ್ರೇಕ್ ಮಾಮ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲಿನ ಬಳಿಯೂ ಒಂದು ಬ್ರೇಕ್ ಇರುತ್ತದಷ್ಟೆ. ಬೇರೆ ಮೇಷ್ಟರುಗಳು ಅದನ್ನು ಒತ್ತಿದರೆ ಜೊತೆಗೊಂದು ಬೈಗುಳವೂ ಬರುತ್ತಿತ್ತು. ಬ್ರೇಕ್ ಮಾಮ ಮಾತ್ರ ಒತ್ತಿ, ಕಾರು ನಿಂತ ಮೇಲೆ ಕಿಟಕಿಯಾಚೆ ನೋಡುತ್ತಾ, "ಯಾಕೋ ಕಾಲು ಜೋಮು ಹಿಡೀತಮ್ಮಾ, ಅದಕ್ಕೇ ಒತ್ತಿದೆ" ಎನ್ನುತ್ತಿದ್ದ. ಎದುರಿಗೆ ಯಾವುದೋ ಹಾಲಿನ ಲಾರಿ ಮೂರು ಗೇಣು ದೂರದಲ್ಲಿ ನಿಂತಿರುತ್ತಿತ್ತು. ಕಲಿಯುವವರಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಆದರೆ ಮರ್ಯಾದೆ ಉಳಿಯುತ್ತಿತ್ತು.

ಇದು ಅವನ ಹುಟ್ಟುಗುಣವೇನಲ್ಲ, ಪೆಟ್ಟು ತಿಂದು ಕಲಿತದ್ದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ಕಾರು ಕಲಿಸಲು ಹೊರಟವನು ಸೋದರಮಾವ. ನಾಲ್ಕು ರಸ್ತೆ ಕೂಡುವಲ್ಲಿ ಎಂಜಿನ್ ಮೂರು ಸಲ ಆಫ್ ಆಯಿತು. ಮಾವ ಬಾಗಿಲು ತೆಗೆದು ಕೆಳಗಿಳಿದವನೇ ರಸ್ತೆಯ ಮಧ್ಯೆ ನಿಂತು, "ಬನ್ರಪ್ಪಾ ಬನ್ನಿ, ನಮ್ಮ ಅಳಿಯನ ಪ್ರತಾಪ ನೋಡಿ" ಎಂದು ಕೂಗಿದ. ಬ್ರೆಡ್ಡಿನಂಗಡಿಯವರು ನಕ್ಕರು, ಬಸ್ಸಿನಲ್ಲಿದ್ದವರು ಕಿಟಕಿಯಿಂದ ತಲೆ ಹೊರಹಾಕಿ ನಕ್ಕರು. ಅದಾದ ಮೇಲೆ ಹುಡುಗ ನಾಲ್ಕು ವರ್ಷ ಸ್ಟಿಯರಿಂಗ್ ಮುಟ್ಟಲಿಲ್ಲ. ಮುಂದೆ ತಾನೇ ಮೇಷ್ಟರಾದಾಗ ಒಂದೇ ಒಂದು ನಿಯಮ ಮಾಡಿಕೊಂಡ. ಹೊಸಬರು ಕಾರು ಹತ್ತಿದ ಮೊದಲ ದಿನವೇ ಅದನ್ನು ಹೇಳಿಬಿಡುತ್ತಿದ್ದ: "ನೋಡಮ್ಮಾ, ಇಲ್ಲಿ ಮಾಡಿದ ತಪ್ಪು, ಆಡಿದ ಮಾತು, ಯಾವುದೂ ಈ ಬಾಗಿಲು ದಾಟಿ ಆಚೆ ಹೋಗಲ್ಲ. ಧೈರ್ಯವಾಗಿ ಓಡ್ಸು." ಇಪ್ಪತ್ತಾರು ವರ್ಷ ಆ ಮಾತಿಗೆ ಕುಂದು ಬಂದಿಲ್ಲವೆಂದು ಅವನಿಗೆ ಒಳಗೊಳಗೇ ದೊಡ್ಡ ಹೆಮ್ಮೆ. ಇರಲೇಬೇಕು. ಅಂಥ ಹೆಮ್ಮೆ ಪಡುವಂಥದ್ದು ಅವನ ಹತ್ತಿರ ಬೇರೇನೂ ಇರಲಿಲ್ಲ.

ಕಾರಿನೊಳಗೆ ಹೀಗೆ ಬಂಗಾರದಂಥವನು ಕಾರಿನಿಂದ ಇಳಿದರೆ ನೀರಿನಂಥವನು. ಯಾವ ಪಾತ್ರೆಗೆ ಹಾಕಿದರೆ ಆ ಆಕಾರ. ಅಕ್ಕನ ಮನೆಗೆ ಊಟಕ್ಕೆ ಹೋದಾಗ ನೋಡಬೇಕಿತ್ತು ಅವನ ಮಾತು. ಅಕ್ಕನ ಸೊಸೆ ಪರದೇಶದಿಂದ ಬಂದವಳು. ಆ ಮೇಜಿನ ಮುಂದೆ ಕೂತು, ಎರಡನೆಯ ಸಲ ಬಡಿಸಿಕೊಳ್ಳುತ್ತಾ, "ಅಕ್ಕಾ, ಮನುಷ್ಯರೆಲ್ಲ ಒಂದೇ ಕಣೇ. ಊರು ಬಿಟ್ಟು ಬಂದೋರ ಕಷ್ಟ ನಮಗೇನು ಗೊತ್ತು?" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ. ಮಾರನೆಯ ಬೆಳಿಗ್ಗೆ ಟೆಸ್ಟ್ ಮೈದಾನದ ಪಕ್ಕದ ಟೀ ಅಂಗಡಿಯಲ್ಲಿ ಉಳಿದ ಮೇಷ್ಟರುಗಳ ಜೊತೆ ನಿಂತರೆ ಅದೇ ನಾಲಿಗೆ ಇನ್ನೊಂದು ಕಡೆ ಹೊರಳುತ್ತಿತ್ತು. "ಎಲ್ಲಿಂದ ಬರ್ತಾರಪ್ಪಾ ಇವರೆಲ್ಲ, ಇರುವೆ ಸಾಲಿನ ಹಾಗೆ!"

ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಮೂವತ್ತು ದೇಶದ ವಿಳಾಸ ಓದಿ ಓದಿ ಅವಳಿಗೆ ಯಾವ ಊರೂ ವಿಚಿತ್ರವೆನಿಸುತ್ತಿರಲಿಲ್ಲ. ಒಮ್ಮೆ ಅವಳು ಕೇಳಿದಳು: "ಅಲ್ಲಾ ರೀ, ನಿಮಗೆ ಇರೋದು ನಾಲಿಗೆ ಎಷ್ಟು?"

"ಯಾಕೆ? ಒಂದೇ."

"ನಿನ್ನೆ ಅತ್ತಿಗೆ ಮನೇಲಿ ಕಣ್ಣೀರು ಹಾಕಿದ್ದು ಯಾವುದು, ಇವತ್ತು ಫೋನಲ್ಲಿ ನಿಮ್ಮ ಟೀ ಅಂಗಡಿ ಗೆಳೆಯ, ಆ ಲಂಬು ಮೇಷ್ಟ್ರ ಜೊತೆ ಕಿಸಿಕಿಸಿ ಅಂದಿದ್ದು ಯಾವುದು?"

"ಅಯ್ಯೋ, ಟೀ ಅಂಗಡಿ ಮಾತಿಗೆಲ್ಲ ಅರ್ಥ ಹುಡುಕ್ತಾರೇನೇ?"

ಅವನು ಅಕ್ಕನ ಮನೆಯಲ್ಲೂ ಸುಳ್ಳು ಹೇಳುತ್ತಿರಲಿಲ್ಲ, ಟೀ ಅಂಗಡಿಯಲ್ಲೂ ಹೇಳುತ್ತಿರಲಿಲ್ಲ. ಎರಡೂ ಕಡೆ ಆ ಹೊತ್ತಿಗೆ ಅವನಿಗೆ ಹಾಗೇ ಅನಿಸುತ್ತಿತ್ತು. ನಾಲ್ಕು ಜನ ತಲೆಯಾಡಿಸಿದರೆ ಸಾಕು, ಅದು ತನ್ನದೇ ಅಭಿಪ್ರಾಯವೆಂದು ನಂಬಿಬಿಡುತ್ತಿದ್ದ. ಇಂಥವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ಕೆಟ್ಟವರೆಂದರೆ ಊರಲ್ಲಿ ಒಳ್ಳೆಯವರೇ ಉಳಿಯುವುದಿಲ್ಲ.

ಟೀ ಅಂಗಡಿಯ ಸಿಟ್ಟಿಗೊಂದು ಕಾರಣವಿತ್ತು. ಟೆಸ್ಟಿಗೆ ದಿನ ಸಿಗುವುದು ತಡವಾಗುತ್ತಿತ್ತು. ಮೊದಲು ಹದಿನೈದು ದಿನ ಇದ್ದದ್ದು ಈಗ ಮೂರು ತಿಂಗಳು. ಇದ್ದ ಇಬ್ಬರು ಇನ್ಸ್‌ಪೆಕ್ಟರುಗಳಲ್ಲಿ ಒಬ್ಬರು ನಿವೃತ್ತರಾಗಿ, ಆ ಕುರ್ಚಿಗೆ ಬೇರೆ ಯಾರನ್ನೂ ಹಾಕಿರಲಿಲ್ಲ. ಇದು ಎಲ್ಲ ಮೇಷ್ಟರಿಗೂ ಗೊತ್ತಿತ್ತು. ಆದರೆ ಖಾಲಿ ಕುರ್ಚಿಯನ್ನು ಬೈದರೆ ಏನು ಸ್ವಾರಸ್ಯ? ಸಾಲಿನಲ್ಲಿ ನಿಂತ ಹೊಸ ಮುಖಗಳನ್ನು ಬೈದರೆ ಟೀ ರುಚಿಯಾಗುತ್ತಿತ್ತು. "ಇವ್ರೆಲ್ಲ ಬಂದು ಸಾಲು ಹಿಡಿದುಬಿಟ್ರೆ ನಮ್ಮ ಮಕ್ಳು ಎಲ್ಲಿಗೆ ಹೋಗ್ಬೇಕು?" ಎಂದು ಶುರು ಹಚ್ಚುತ್ತಿದ್ದವನು ಲಂಬು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮೇಷ್ಟರು. ಲಂಬುವಿಗೆ ಮಕ್ಕಳೇ ಇರಲಿಲ್ಲ, ಅದು ಬೇರೆ ಮಾತು.

ಆ ವರ್ಷ ಬ್ರೇಕ್ ಮಾಮನ ಹತ್ತಿರ ಕಲಿಯಲು ಬಂದವರಲ್ಲಿ ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಒಬ್ಬಾಕೆ ಇದ್ದಳು. ದೂರ ದೇಶದಿಂದ ಬಂದು ಮೂರು ವರ್ಷವಾಗಿತ್ತು, ವಯಸ್ಸು ನಲವತ್ತರ ಹತ್ತಿರ. ನಮ್ಮ ಭಾಷೆಯನ್ನು ಪುಸ್ತಕ ಇಟ್ಟುಕೊಂಡು ಕಲಿತವಳಾದ್ದರಿಂದ ಅವಳ ಮಾತೆಲ್ಲ ಅಚ್ಚು ಹಾಕಿದ ಹಾಗೆ. "ಗುರುಗಳೇ, ಈಗ ನಾನು ಎಡಕ್ಕೆ ತಿರುಗಬಹುದೇ?" ಎಂದು ಕೇಳಿ ಅವಳು ತಿರುಗುವಷ್ಟರಲ್ಲಿ ಎಡರಸ್ತೆ ಹಿಂದಕ್ಕೆ ಹೋಗಿರುತ್ತಿತ್ತು. ಆಶ್ರಮದ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿನ ಚಾಲಕ ಕೆಲಸ ಬಿಡುವವನಿದ್ದ. ಲೈಸೆನ್ಸ್ ಸಿಕ್ಕರೆ ಆ ವ್ಯಾನು ಇವಳಿಗೆ. ರಾತ್ರಿ ಪಾಳಿ ತಪ್ಪುತ್ತದೆ, ಮಗಳ ಜೊತೆ ರಾತ್ರಿ ಮನೆಯಲ್ಲಿರಬಹುದು. ಎರಡು ಸಲ ಫೇಲಾಗಿದ್ದಳು, ಎರಡೂ ಸಲ ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಎತ್ತುವ ಕಡೆ. ಮೂರನೆಯ ಸಲವೂ ತಪ್ಪಿದರೆ ನಿಯಮದ ಪ್ರಕಾರ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ವ್ಯಾನು ಇನ್ನೊಬ್ಬರ ಪಾಲು.

ಬ್ರೇಕ್ ಮಾಮ ಅವಳಿಗಾಗಿ ಊರಲ್ಲಿದ್ದ ಏರನ್ನೆಲ್ಲ ಹುಡುಕಿದ. ನೀರಿನ ಟ್ಯಾಂಕಿನ ಏರು, ಗೋದಾಮಿನ ಏರು, ಸೇತುವೆಯ ಏರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಕಲಿಯುತ್ತಾಳೆ ಬಿಡು ಎಂದು ಅವನಿಗೆ ಗಟ್ಟಿ ನಂಬಿಕೆ. ಕಾರು ಹಿಂದಕ್ಕೆ ಜಾರಿದಾಗಲೆಲ್ಲ ಅವನ ಕಾಲಿಗೆ ಜೋಮು ಹಿಡಿಯಿತು.

ಅವಳಿಗೊಂದು ಅಭ್ಯಾಸವಿತ್ತು. ಕೀ ತಿರುಗಿಸುವ ಮೊದಲು ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿ ತನ್ನ ಭಾಷೆಯಲ್ಲಿ ಏನೋ ಪಿಸುಗುಡುತ್ತಿದ್ದಳು. ಒಂದು ದಿನ ತಾನಾಗಿಯೇ ಹೇಳಿದಳು: "ನನ್ನ ತಂದೆ ಬಸ್ಸಿನ ಚಾಲಕರಾಗಿದ್ದರು, ಗುರುಗಳೇ. ಪ್ರತಿದಿನ ಹೊರಡುವಾಗ ಬಸ್ಸನ್ನು ಹೀಗೆ ತಟ್ಟಿ, 'ಬಾ ಮುದುಕಿ, ಎಲ್ಲರನ್ನೂ ಮನೆ ಸೇರಿಸೋಣ' ಎನ್ನುತ್ತಿದ್ದರು. ಒಂದು ದಿನ ಅವರೇ ಮನೆ ಸೇರಲಿಲ್ಲ. ಇದನ್ನು ನಾನು ಇಲ್ಲಿ ಯಾರಿಗೂ ಹೇಳಿಲ್ಲ. ಮಾತು ಬಾಗಿಲು ದಾಟುವುದಿಲ್ಲ ಎಂದು ನೀವು ಹೇಳಿದ್ದೀರಿ, ಅದಕ್ಕೇ ಹೇಳಿದೆ." ಬ್ರೇಕ್ ಮಾಮ, "ತಟ್ಟಮ್ಮಾ, ಚೆನ್ನಾಗಿ ತಟ್ಟು" ಎಂದ. ಮನಸ್ಸಿಟ್ಟೇ ಹೇಳಿದ.

ಹೇಳಿದವನು ವಾರದೊಳಗೆ ಏನು ಮಾಡಿದ ಗೊತ್ತೇ? ಟೀ ಅಂಗಡಿಯಲ್ಲಿ ಲಂಬು ಮಾಮೂಲಿ ಪುರಾಣ ಶುರು ಮಾಡಿದ್ದ, ಉಳಿದಿಬ್ಬರು ಮೇಷ್ಟರು ಹೂಂಗುಟ್ಟುತ್ತಿದ್ದರು. ಬ್ರೇಕ್ ಮಾಮನಿಗೆ ತಾನೂ ಏನಾದರೂ ಹಾಕಬೇಕೆನಿಸಿತು. ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತ, ಟೀ ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಂಡ, ಬಿಸ್ಕತ್ತಿನ ಡಬ್ಬಿಯನ್ನು ಎರಡು ಸಲ ತಟ್ಟಿ ಏನೋ ಬುಳುಬುಳು ಮಂತ್ರ ಹಾಕಿ, "ಗುರುಗಳೇ, ಈಗ ನಾನು ಚಲಿಸಬಹುದೇ?" ಎಂದು, ಕುರ್ಚಿ ಸಮೇತ ಹಿಂದಕ್ಕೆ ಜಾರಿದ. ಲಂಬು ಹೊಟ್ಟೆ ಹಿಡಿದುಕೊಂಡು ನಕ್ಕ. ಹೂಂಗುಟ್ಟುವವರಲ್ಲಿ ಒಬ್ಬನ ಮೂಗಿನಿಂದ ಟೀ ಬಂತು. ಹುಟ್ಟಿದ ಮೇಲೆ ಬ್ರೇಕ್ ಮಾಮನಿಗೆ ಅಷ್ಟು ನಗು ಸಿಕ್ಕಿದ್ದು ಅದೇ ಮೊದಲು, ಅಂದರೆ ತನ್ನನ್ನು ನೋಡಿ ನಕ್ಕಿದ್ದಲ್ಲ, ತಾನು ನಗಿಸಿದ್ದು. ಆ ರುಚಿ ಹತ್ತಿತು.

ಅಂದಿನಿಂದ ಅದು ಬೆಳಗಿನ ಶೋ. "ಮಾಮ, ಪರದೇಶಿ ಅಮ್ಮನ್ನ ಕೂರ್ಸು!" ಎಂದು ಲಂಬು ಕೂಗುವುದು, ಇವನು ಕುರ್ಚಿ ಎಳೆಯುವುದು. ಮನಸ್ಸು ಒಮ್ಮೊಮ್ಮೆ ಚುಚ್ಚಿದರೆ ಸಮಾಧಾನವೂ ರೆಡಿ ಇತ್ತು: ಹೆಸರು ಹೇಳಿಲ್ಲವಲ್ಲ. ಒಬ್ಬಳ ಮೇಲಲ್ಲ, ಎಲ್ಲರ ಮೇಲೆ ತಾನೇ ತಮಾಷೆ? ಎಲ್ಲರ ಮೇಲೆ ಆಡಿದರೆ ಯಾರ ಮೇಲೂ ಆಡಿದ ಹಾಗಲ್ಲ ಎಂಬ ಲೆಕ್ಕ ಅವನದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು.

ಟೆಸ್ಟಿನ ದಿನ ಬಂತು. ಅವಳ ಸರದಿ ಹನ್ನೊಂದಕ್ಕೆ. "ನೀನು ನೆರಳಲ್ಲಿ ಕೂತಿರಮ್ಮಾ, ಒಂದು ಟೀ ಕುಡ್ದು ಬಂದೆ" ಎಂದು ಅವಳನ್ನು ಮೈದಾನದ ಬೆಂಚಿನ ಮೇಲೆ ಕೂರಿಸಿ ಬ್ರೇಕ್ ಮಾಮ ಅಂಗಡಿಗೆ ಹೋದ. ಅವಳಿಗಿಂತ ಅವನಿಗೇ ಹೆಚ್ಚು ಕಳವಳ. ಆ ಕಳವಳ ಮರೆಯಲೋ ಏನೋ, ಲಂಬು ಕರೆದ ಕೂಡಲೇ ರಸ್ತೆಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತ. ಅಷ್ಟರಲ್ಲಿ ಮೈದಾನದಲ್ಲಿ ಇಬ್ಬರು ಗೈರುಹಾಜರಾಗಿ ಅವಳ ಸರದಿ ಮುಂದಕ್ಕೆ ಬಂದಿತ್ತು. ಫಾರ್ಮಿಗೆ ಮೇಷ್ಟರ ಸಹಿ ಬೇಕು. ಅವಳು ಅದನ್ನು ಹಿಡಿದು ಹುಡುಕಿಕೊಂಡು ಬಂದಳು.

ಬ್ರೇಕ್ ಮಾಮ ಡಬ್ಬಿ ತಟ್ಟಿದ, ಮಂತ್ರ ಹಾಕಿದ. ಎಲ್ಲರೂ ನಕ್ಕರು. ಆಮೇಲೆ ನಗು ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಲಂಬು ಟೀ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದ. ಶೋ ಸಪ್ಪೆಯಾಯಿತೆಂದು ಮಾಮನಿಗೆ ಗಾಬರಿಯಾಯಿತು. ಪಾಪ, ಇನ್ನೂ ಜೋರಾಗಿ ಡಬ್ಬಿ ಬಡಿದ, ಇನ್ನೂ ಜೋರಾಗಿ ಮಂತ್ರ ಹಾಕಿದ, ಕುರ್ಚಿಯನ್ನು ಎರಡು ಮಾರು ಹಿಂದಕ್ಕೆ ಜಾರಿಸಿದ. ಜಾರಿದ ಕುರ್ಚಿ ಅವಳ ಕಾಲಿಗೆ ತಾಗಿ ನಿಂತಿತು.

"ಗುರುಗಳೇ," ಎಂದಳು ಅವಳು, "ನಮ್ಮ ಸರದಿ ಬಂದಿದೆ. ಇಲ್ಲಿ ಸಹಿ ಮಾಡಬೇಕಂತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಸಹಿ ಮಾಡಿದ. ಆ ಸಹಿ ಬೇರೆ ಯಾರದೋ ಅನ್ನುವ ಹಾಗಿತ್ತು.

ಟೆಸ್ಟಿನಲ್ಲಿ ಮುಂದಿನ ಸೀಟು ಇನ್ಸ್‌ಪೆಕ್ಟರದು, ಮೇಷ್ಟರು ಹಿಂದೆ ಕೂರಬೇಕು. ಹಿಂದೆ ಬ್ರೇಕ್ ಇಲ್ಲ. ಬ್ರೇಕ್ ಮಾಮ ಕೈಕಟ್ಟಿ ಕೂತ. ಅವಳು ಬೆಲ್ಟ್ ಹಾಕಿದಳು, ಕನ್ನಡಿ ಸರಿಮಾಡಿದಳು. ಕೈ ಅಭ್ಯಾಸಬಲದಿಂದ ಡ್ಯಾಶ್‌ಬೋರ್ಡಿನ ಕಡೆ ಹೋಯಿತು. ಅರ್ಧದಲ್ಲೇ ನಿಂತು ತೊಡೆಯ ಮೇಲೆ ವಾಪಸು ಬಂತು. ಆ ಕೈಯನ್ನು ನೋಡಿದಾಗ ಅವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಮಾವ ರಸ್ತೆಯ ಮಧ್ಯೆ ನಿಂತು ಕೂಗಿದ ದಿನವೂ ಅಷ್ಟು ನಾಚಿಕೆಯಾಗಿರಲಿಲ್ಲ. ತನ್ನಿಂದಾಗಿ ಇವಳು ಫೇಲಾದರೆ, ವ್ಯಾನು ಹೋದರೆ, ತಾನಿನ್ನು ಯಾವ ಮುಖ ಹೊತ್ತು ಕಾರು ಹತ್ತುವುದು?

ಎಂಜಿನ್ ಶುರುವಾಯಿತು. ಎಂಟು ಹಾಕಿದಳು, ರಿವರ್ಸ್ ಹೋದಳು, ಸೂಜಿಗೆ ದಾರ ಪೋಣಿಸಿದ ಹಾಗೆ ಪಾರ್ಕ್ ಮಾಡಿದಳು. ಏರು ಬಂತು. "ನಿಲ್ಸಿ" ಎಂದರು ಇನ್ಸ್‌ಪೆಕ್ಟರ್. ನಿಲ್ಲಿಸಿದಳು. "ಎತ್ತಿ." ಹಿಂದಿನ ಸೀಟಿನಲ್ಲಿ ಬ್ರೇಕ್ ಮಾಮನ ಬಲಗಾಲು ಕಾರ್ಪೆಟ್ಟನ್ನು ತೂತು ಬೀಳುವಷ್ಟು ಒತ್ತುತ್ತಿತ್ತು. ಕಾರು ಒಂದಿಂಚೂ ಜಾರಲಿಲ್ಲ. ಗೊಣಗುತ್ತಾ ಮೇಲೇರಿತು.

"ಪಾಸು" ಎಂದರು ಇನ್ಸ್‌ಪೆಕ್ಟರ್, ಮುಖ ಎತ್ತದೆ.

ಪಾಸಾದವರು ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಕೂಲಿನವರೆಗೆ ಓಡಿಸುವುದು ರೂಢಿ. ಆ ದಾರಿಯಲ್ಲಿ ಎಲ್ಲರೂ ಹಾಡು ಹೇಳುತ್ತಾರೆ, ಅಳುತ್ತಾರೆ, ಹಾರ್ನ್ ಒತ್ತುತ್ತಾರೆ. ಅವಳು ಎರಡು ಸಿಗ್ನಲ್ ದಾಟುವವರೆಗೂ ಏನೂ ಮಾಡಲಿಲ್ಲ. ಆಮೇಲೆ ಹೇಳಿದಳು:

"ಗುರುಗಳೇ, ಮೊದಲ ಸಲ ನೀವು ಡಬ್ಬಿ ತಟ್ಟಿದಿರಲ್ಲ, ಅದು ಬಹಳ ಸರಿಯಾಗಿತ್ತು. ನಾನು ತಟ್ಟುವುದು ಸ್ವಲ್ಪ ಜೋರು. ನನ್ನ ತಂದೆ ನಿಮ್ಮ ಹಾಗೆಯೇ ಎರಡು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಹಿಂದಿನಿಂದ ನೋಡಿದಾಗ ಅವರೇ ಕೂತಿದ್ದಾರೆ ಅನ್ನಿಸಿತು. ಅದಕ್ಕೇ ನಾನು ಕೂಗದೆ ನಿಂತುಬಿಟ್ಟೆ. ಇನ್ನೂ ಸ್ವಲ್ಪ ನೋಡೋಣ ಎಂದು."

ಬ್ರೇಕ್ ಮಾಮ ಕಿಟಕಿಯಾಚೆ ನೋಡಿದ.

"ಆಮೇಲೆ ಎಲ್ಲರೂ ನಕ್ಕರು" ಎಂದಳು.

"ತಪ್ಪಾಯ್ತಮ್ಮಾ. ದೊಡ್ಡ ತಪ್ಪಾಯ್ತು."

"ಮುಂದಿನ ತಿರುವಿನಲ್ಲಿ ಬಲಕ್ಕೆ ತಿರುಗಲೇ, ನೇರ ಹೋಗಲೇ?"

"ನೇರ" ಎಂದ ಅವನು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ ಕೇಳಿದಳು.

"ಕ್ಷಮೆ ಕೇಳ್ದೆ ಕಣೇ, ಅಲ್ಲೇ ಕಾರಲ್ಲೇ" ಎಂದ.

"ಕಾರಲ್ಲಿ ಕೇಳಿದ್ರೆ ಏನು ಬಂತು? ಕಾರಲ್ಲಿ ನೀವು ಯಾವತ್ತೂ ಒಳ್ಳೇವ್ರೇ. ಬೀದೀಲಿ ಚೆಲ್ಲಿದ್ದನ್ನ ಬೀದೀಲೇ ಗುಡಿಸ್ಬೇಕು ರೀ, ಮನೆ ಒಳಗೆ ಗುಡಿಸಿದ್ರೆ ಆಗುತ್ತಾ?"

ಮಾರನೆಯ ಬೆಳಿಗ್ಗೆ ಅವನು ಗುಡಿಸಲು ಹೋದ. ಎಷ್ಟೋ ಸಲ ಮನಸ್ಸಿನಲ್ಲೇ ಭಾಷಣ ಸಿದ್ಧ ಮಾಡಿಕೊಂಡಿದ್ದ, ಅಂಗಡಿ ಕಂಡ ಕೂಡಲೇ ಅದು ಮರೆತುಹೋಯಿತು. ಲಂಬು ಕುರ್ಚಿ ತಂದಿಟ್ಟ. "ಬಾ ಮಾಮ, ನಿನ್ನೆ ಅರ್ಧಕ್ಕೇ ನಿಂತೋಯ್ತು."

"ಇನ್ನು ಇಲ್ಲ ಕಣಯ್ಯಾ. ಯಾವತ್ತೂ ಇಲ್ಲ."

"ಯಾಕೆ? ಆಯಮ್ಮ ಕಂಪ್ಲೇಂಟ್ ಕೊಟ್ಲಾ?"

"ಕೊಟ್ಟಿದ್ರೇ ಚೆನ್ನಾಗಿತ್ತು." ಬ್ರೇಕ್ ಮಾಮನ ಕೈಯಲ್ಲಿದ್ದ ಟೀ ಅಂಗಿಯ ಮೇಲೆ ತುಳುಕಿತು. "ನನ್ನ ನಂಬಿ ಹೇಳಿದ ಮಾತು ಅದು. ನಿಮ್ಮನ್ನ ನಗಿಸ್ಬೇಕು ಅಂತ ತಂದು ಇಲ್ಲಿ ಹಾಕ್ದೆ. ಥೂ. ಮತ್ತೆ, ಸಾಲು ಉದ್ದ ಆಗಿರೋದು ಅವರಿಂದ ಅಲ್ಲ ಕಣೋ. ಇನ್ಸ್‌ಪೆಕ್ಟರ್ ಕುರ್ಚಿ ಖಾಲಿ ಇದೆ. ನಿಂಗೂ ಗೊತ್ತು, ನಂಗೂ ಗೊತ್ತು."

"ಓಹೋ, ಒಂದೇ ರಾತ್ರೀಲಿ ಸಂತ ಆಗ್ಬಿಟ್ಯಲ್ಲೋ!" ಎಂದ ಲಂಬು. ಹೂಂಗುಟ್ಟುವವರು ಈ ಸಲವೂ ಲಂಬುವಿಗೇ ಹೂಂಗುಟ್ಟಿದರು. ಯಾರೂ ಬದಲಾಗಲಿಲ್ಲ, ಯಾರೂ ತಬ್ಬಿಕೊಳ್ಳಲಿಲ್ಲ. ಅದೆಲ್ಲ ಆಗುವುದು ನಾಟಕದಲ್ಲಿ. ಇಲ್ಲಿ ಆದದ್ದು ಇಷ್ಟೇ: ಆ ಕುರ್ಚಿಯ ಶೋ ನಿಂತಿತು, ಬ್ರೇಕ್ ಮಾಮ ನಿಂತರೆ ಲಂಬು ಮಾತನ್ನು ಮಳೆ ಬಿಸಿಲಿನ ಕಡೆ ತಿರುಗಿಸತೊಡಗಿದ. ಒಂದು ದಿನ ಮರೆತು ಲಂಬು ಹಳೆಯ ಜೋಕೊಂದನ್ನು ಹಾಕಿಯೂಬಿಟ್ಟ. ಬ್ರೇಕ್ ಮಾಮನ ಬಾಯಿ ತಾನಾಗಿ ತೆರೆದು ನಗು ಅರ್ಧ ಹೊರಬಂದು ನಿಂತಿತು. ಆ ಅರ್ಧ ನಗುವಿಗೆ ಅವನು ಇಡೀ ದಿನ ತನ್ನನ್ನೇ ಬೈದುಕೊಂಡ. ಅಕ್ಕನ ಮನೆಯಲ್ಲೂ ಈಗ ಮನುಷ್ಯರೆಲ್ಲ ಒಂದೇ ಎಂಬ ಭಾಷಣ ಇಲ್ಲ. ಸುಮ್ಮನೆ ಉಂಡು, ತಟ್ಟೆ ತೊಳೆದಿಟ್ಟು ಬರುತ್ತಾನೆ. "ನನ್ನ ತಮ್ಮನಿಗೆ ಹುಷಾರಿಲ್ಲವೇನೋ" ಎಂದು ಅಕ್ಕನಿಗೆ ಚಿಂತೆ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಡ್ರೈವಿಂಗ್ ಸ್ಕೂಲಿನ ಮುಂದೆ ವೃದ್ಧಾಶ್ರಮದ ಬಿಳಿ ವ್ಯಾನು ಬಂದು ನಿಂತಿತು. ಚಾಲಕಿಯ ಸೀಟಿನಿಂದ ಅವಳು ಇಳಿದಳು. ಹಿಂದಿನ ಬಾಗಿಲಿನಿಂದ ಅವಳ ನಾಡಿನವರೇ ಇಬ್ಬರು ಹೆಂಗಸರು ಇಳಿದರು. ಬ್ರೇಕ್ ಮಾಮ ಒರೆಸುತ್ತಿದ್ದ ಗಾಜನ್ನು ಬಿಟ್ಟು ಓಡಿಬಂದ.

"ಇವರು ನನ್ನ ಜೊತೆ ಕೆಲಸ ಮಾಡುವವರು, ಗುರುಗಳೇ. ಇವರಿಗೂ ಕಲಿಸಿ."

ಅವನಿಗೆ ಕಣ್ಣು ತುಂಬಿ ಬಂತು. "ನನ್ನ ಹತ್ರಾನೇ ಕರ್ಕೊಂಡ್ಬಂದ್ಯಾಮ್ಮಾ? ಅಷ್ಟೆಲ್ಲ ಆದ್ಮೇಲೂ?"

"ಈ ಊರಿನಲ್ಲಿ ನಿಮ್ಮಷ್ಟು ಚೆನ್ನಾಗಿ ಕಲಿಸುವವರು ಯಾರೂ ಇಲ್ಲ. ಅದನ್ನು ಎಲ್ಲರಿಗೂ ಹೇಳುತ್ತೇನೆ." ಅವಳು ವ್ಯಾನಿನ ಕೀಯನ್ನು ಕೈ ಬದಲಾಯಿಸಿದಳು. "ಆದರೆ ಇವರು ನಿಮ್ಮ ಹತ್ತಿರ ತಮ್ಮ ಮನೆಯ ವಿಷಯ ಏನನ್ನೂ ಮಾತಾಡುವುದಿಲ್ಲ. ದಯವಿಟ್ಟು ನೀವೂ ಕೇಳಬೇಡಿ. ಹಾಗೆ ಇರಬೇಕೆಂದು ನಾನೇ ಹೇಳಿ ಕರೆತಂದಿದ್ದೇನೆ."

"ಆಗ್ಲಮ್ಮಾ" ಎಂದ ಬ್ರೇಕ್ ಮಾಮ.

ಆ ಇಬ್ಬರೂ ಮೂರು ತಿಂಗಳು ಕಲಿತರು, ಒಂದೇ ಸಲಕ್ಕೆ ಪಾಸಾದರು. ಇಬ್ಬರಲ್ಲಿ ಚಿಕ್ಕವಳು ಯಾವ ಗೇರಿಗೆ ಹೆದರುತ್ತಾಳೆ, ದೊಡ್ಡವಳು ಯಾವ ತಿರುವಿನಲ್ಲಿ ಉಸಿರು ಬಿಗಿಹಿಡಿಯುತ್ತಾಳೆ ಎಂಬುದೆಲ್ಲ ಬ್ರೇಕ್ ಮಾಮನಿಗೆ ಬಾಯಿಪಾಠ. ಅವರಿಗೆ ಮಕ್ಕಳಿದ್ದಾರೋ, ಅಪ್ಪ ಅಮ್ಮ ಇದ್ದಾರೋ, ಊರು ಯಾಕೆ ಬಿಟ್ಟರೋ, ಅದು ಮಾತ್ರ ಅವನಿಗೆ ಇವತ್ತಿಗೂ ಗೊತ್ತಿಲ್ಲ.